ಒಂದು ವರ್ಷ ತಡೆಯುವ ಹಗ್ಗ

ಹೊಸಕೋಟೆ ಕೆರೆಯಲ್ಲಿ ಹರಿಗೋಲು ಹಾಕುವವರಿದ್ದರು, ತೆಪ್ಪ ಕಟ್ಟುವವರಿದ್ದರು. ಹಾಯಿ ದೋಣಿ ಇದ್ದದ್ದು ಮಾತ್ರ ದೊಡ್ಡಮುನಿಯಪ್ಪನ ಮನೆಯವರಿಗೊಬ್ಬರಿಗೇ. ರಾಗಿ ಬೆಳೆದುಕೊಂಡು ತಿನ್ನುವ ಮನೆಗೆ ಹಾಯಿ ದೋಣಿ ಯಾಕೆ ಎಂದು ಕೇಳದವರು ಕೆರೆಯಂಚಿನ ಆ ಊರಲ್ಲಿ ಇರಲಿಲ್ಲ. ಕೇಳಿದವರಿಗೆಲ್ಲ ದೊಡ್ಡಮುನಿಯಪ್ಪ ಕೊಡುತ್ತಿದ್ದ ಉತ್ತರ ಒಂದೇ. "ನಂದಲ್ಲಪ್ಪ, ನಮ್ಮ ಬೈರಣ್ಣಂದು. ಅವನು ಬಂದಾಗ ಅವನ್ನೇ ಕೇಳ್ಕೊಳ್ಳಿ."

ಬೈರಣ್ಣ ಅವನ ಒಬ್ಬನೇ ಮಗ. ಹಲಸೂರಿನ ಪಲ್ಟನ್ನಿಗೆ ಸೇರಿ, ಸೇತುವೆ ಕಟ್ಟುವುದು, ದೋಣಿ ನಡೆಸುವುದು ಎಲ್ಲ ಕಲಿತು, ಅದರ ಜೊತೆಗೆ ಹಲಸೂರು ಕೆರೆಯಲ್ಲಿ ಹಾಯಿ ಬಿಡುವ ಹುಚ್ಚನ್ನೂ ಹತ್ತಿಸಿಕೊಂಡಿದ್ದ. ಅಲ್ಲಿ ಇನ್ನು ಕೆಲಸಕ್ಕೆ ಬಾರದೆಂದು ಹರಾಜು ಹಾಕಿದ ಒಂದು ಹಳೇ ದೋಣಿಯನ್ನು ಕೊಂಡು, ಎತ್ತಿನ ಗಾಡಿಯ ಮೇಲೆ ಬೋರಲು ಹಾಕಿಸಿ ಊರಿಗೆ ತಂದ. ತಾಯಿ ಪಾಪಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೀದಿಗೇ ಕೇಳುವ ಹಾಗೆ ಹೇಳಿದಳು, "ಮದುವೆ ಮಾಡ್ಕೊಳ್ಳೋ ಅಂದ್ರೆ ಮರದ ಹೆಂಡ್ತಿ ತಂದವ್ನೆ ನೋಡ್ರಮ್ಮ!"

ಎಪ್ಪತ್ತೊಂದರ ವೈಶಾಖದಲ್ಲಿ ನಿಜವಾದ ಹೆಂಡತಿಯೂ ಬಂದಳು. ಆವತಿಯ ಆದಿಲಕ್ಷ್ಮಿ. ಗಂಡ ಹೆಂಡತಿ ಒಂದು ಸೂರಿನ ಕೆಳಗೆ ಇದ್ದದ್ದು ಜ್ಯೇಷ್ಠ ಮುಗಿಯುವ ತನಕ. ಆಷಾಢ ಬಂತು, ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದೆಂದು ಅವಳ ಅಣ್ಣ ಸೊಣ್ಣಪ್ಪ ಬಂದು ಆವತಿಗೆ ಕರೆದುಕೊಂಡು ಹೋದ. ಈ ಕಡೆ ಗಾಳಿ ಅನ್ನಿಸಿಕೊಳ್ಳುವ ಗಾಳಿ ಬೀಸುವುದೇ ಆಷಾಢದಲ್ಲಿ. ಮಿಕ್ಕ ತಿಂಗಳುಗಳಲ್ಲಿ ಹಾಯಿ ಎತ್ತಿದರೆ ಅದು ಒಣಗಲು ಹಾಕಿದ ಪಂಚೆಯ ಹಾಗೆ ಜೋಲಾಡುತ್ತದೆ. ಆ ಶಾಸ್ತ್ರ ಮಾಡಿದ ಪುಣ್ಯಾತ್ಮನಿಗೆ ಹಾಯಿ ದೋಣಿಯ ವಿಷಯ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಬೈರಣ್ಣ ಉಳಿದ ರಜೆಯಷ್ಟೂ ದಿನ ಒಬ್ಬನೇ ಕೆರೆಯ ಮೇಲೆ ಓಡಾಡಿದ. ಅವಳು ಆವತಿಯಲ್ಲಿ ಕೂತು ಅದೇ ಗಾಳಿಗೆ ಬಾಗಿಲು ಬಡಿದುಕೊಳ್ಳುವುದನ್ನು ಕೇಳಿದಳು.

ರಜೆ ಮುಗಿಸಿ ಹೋಗುವ ಮೊದಲು ಬೈರಣ್ಣ ಆವತಿಗೆ ಬಂದ. ಎಲ್ಲರ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಹೆಂಡತಿಗೆ ಹೇಳಿದ, "ಮುಂದಿನ ಆಷಾಢಕ್ಕೆ ನೀನೇನು ಹೊಸಬಳಲ್ವಲ್ಲ. ಆಗ ನಿನ್ನ ಕೂರಿಸ್ಕೊಂಡು ಆ ದಡಕ್ಕೆ ಹೋಗ್ತೀನಿ. ಬರ್ತೀಯಾ?" ಅವಳಿಗೆ ನೀರೆಂದರೆ ಪ್ರಾಣಭಯ. ಆದರೂ ಹೂಂ ಅಂದಳು.

ಡಿಸೆಂಬರಿನಲ್ಲಿ ಯುದ್ಧವಾಯಿತು. ಯುದ್ಧ ಮುಗಿದ ಮೇಲೆ ಟೆಲಿಗ್ರಾಂ ಬಂತು. ಬೈರಣ್ಣ ಕಾಣೆಯಾಗಿದ್ದಾನೆ ಎಂದು ಅದರಲ್ಲಿತ್ತು. ಪೋಸ್ಟ್ ಮಾಸ್ಟರರಿಂದ ಮತ್ತೆ ಮತ್ತೆ ಓದಿಸಿದರೂ ಅಷ್ಟೇ ಇತ್ತು. ಸತ್ತ ಎಂದು ಎಲ್ಲೂ ಇರಲಿಲ್ಲ. ಪಾಪಮ್ಮ ಕಣ್ಣು ಒರೆಸಿಕೊಂಡು ಎದ್ದಳು. "ಕಾಣೆಯಾದ ಎಮ್ಮೇನೇ ಹುಡುಕಿದ್ರೆ ಸಿಗ್ತದೆ, ಆಳು ಸಿಗಲ್ವಾ?" ಅಂದಳು. ಸೊಸೆಯ ಹಣೆಗೆ ತನ್ನ ಕೈಯಾರೆ ಕುಂಕುಮ ಹಚ್ಚಿದಳು.

ದೊಡ್ಡಮುನಿಯಪ್ಪ ಹೋಗಿ ದೋಣಿ ನೋಡಿದ.

ನೀರಿನಿಂದ ಮೇಲೆ ಬಿದ್ದುಕೊಂಡು ದೋಣಿ ಒಣಗಿ ಹೋಗಿತ್ತು. ಹಲಗೆ ಹಲಗೆಯ ನಡುವೆ ಬಿರುಕು ಬಿಟ್ಟು ಬೆಳಕು ಕಾಣುತ್ತಿತ್ತು. ಹಾಯಿಯನ್ನು ಇಲಿ ತಿಂದಿತ್ತು. ನಡುವಿನ ಕಂಬವನ್ನು ಮೂರು ಕಡೆಯಿಂದ ಹಿಡಿದು ನಿಲ್ಲಿಸುವ ಹಗ್ಗಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. "ಆಷಾಢಕ್ಕೆ ಬಂದ್ರೆ ಏನು ಮಾಡ್ತಾನೆ ಅವನು, ಇದನ್ನ ನೋಡಿ ನನ್ನ ಬಯ್ಯಲ್ವಾ?" ಎಂದು ದೊಡ್ಡಮುನಿಯಪ್ಪ ಹೆಂಡತಿಯನ್ನು ಕೇಳಿದ. ಅವತ್ತಿನಿಂದ ಆ ಮನೆಯಲ್ಲಿ ಕಾಯುವುದು ಎಂದರೆ ದೋಣಿ ರಿಪೇರಿ ಮಾಡುವುದು ಎಂದಾಯಿತು.

ಬಿರುಕುಗಳಿಗೆ ಹತ್ತಿ ತುರುಕಿ, ಹೊಂಗೆ ಎಣ್ಣೆಯಲ್ಲಿ ರಾಳ ಕಾಯಿಸಿ ಬಳಿದರು. ಪಾಪಮ್ಮ ಗೋಣಿಚೀಲ ಹೊಲಿಯುವ ದಬ್ಬಳ ಹಿಡಿದು ಹಾಯಿಗೆ ತೇಪೆ ಹಾಕಿದಳು. ಇಲಿಗಳಿಗೆ ಅವಳು ಹಾಕಿದ ಶಾಪಕ್ಕೆ ಆ ವರ್ಷ ಊರಿನ ಇಲಿ ಸಂತಾನವೇ ಅಳಿಯಬೇಕಿತ್ತು. ಕಷ್ಟವಾದದ್ದು ಹಗ್ಗದ ವಿಷಯ.

ಹರಿಗೋಲಿನ ಬೈರಪ್ಪ ಮೀನು ಹಿಡಿದು ಬದುಕುವವನು, ನೀರಿನ ಮೇಲೆ ಬೆಳೆದವನು. ಅವನು ಬಂದು ನೋಡಿ ಹೇಳಿದ, "ತೆಂಗಿನ ನಾರಿಂದು ಬೇಡ ಗೌಡ, ಎಳೆದಷ್ಟೂ ಬರ್ತದೆ, ಕಂಬ ಕುಡುಕನ ಥರ ವಾಲಾಡ್ತದೆ. ನೂಲಿನ ಹಗ್ಗ ಕೈಗೆ ಮೆತ್ತಗೆ, ಹಾಯಿ ಎತ್ತೋಕೆ ಇಳಿಸೋಕೆ ಅದನ್ನ ಹಾಕು. ಕಂಬಕ್ಕೆ ಮಾತ್ರ ಬೆಂಗಳೂರಿಂದ ಉಕ್ಕಿನ ಹಗ್ಗ ತಂದ್ಬಿಡು. ಆಮೇಲೆ ಈ ಕಡೆ ತಿರುಗಿ ನೋಡ್ಬೇಕಾಗಿಲ್ಲ."

"ಉಕ್ಕಿಂದು ಯಾಕೆ? ಕತ್ತಾಳೆ ಸಾಕು."

"ಕತ್ತಾಳೆ ಬಿಸಿಲು ನೀರು ಎರಡೂ ತಿಂದು ಒಂದು ವರ್ಷಕ್ಕೆ ಕೊಳೀತದೆ ಕಣೋ."

"ಒಂದು ವರ್ಷ ತಡೆದ್ರೆ ಸಾಕಲ್ಲ," ಅಂದ ದೊಡ್ಡಮುನಿಯಪ್ಪ. "ಅಷ್ಟರಲ್ಲಿ ಅವನು ಬರ್ತಾನೆ. ಅವನ ದೋಣಿ, ಅವನಿಗೆ ಏನು ಬೇಕೋ ಹಾಕ್ಕೊಳ್ಲಿ."

ಬುತ್ತಿ ತಂದು ದೂರದಲ್ಲಿ ನಿಂತಿದ್ದ ಆದಿಲಕ್ಷ್ಮಿಗೆ ಆ ಮಾತು ಕೇಳಿಸಿತು. ಟೆಲಿಗ್ರಾಂ ಬಂದಾಗಿನಿಂದ ಊರಿನವರೆಲ್ಲ ಅವಳ ಎದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಮಾವನೊಬ್ಬ ಮಾತ್ರ, ಮಗ ಸಂತೆಗೆ ಹೋಗಿದ್ದಾನೆ ಎನ್ನುವ ಹಾಗೆ ಮಾತಾಡಿದ. ಅವತ್ತು ಅವಳು ಹೊಟ್ಟೆ ತುಂಬ ಉಂಡಳು.

ಕತ್ತಾಳೆ ಹಗ್ಗ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಪಟ್ಟೆ ಕೊಯ್ದು, ಕೆರೆಯಂಚಿನ ಗುಂಡಿಯಲ್ಲಿ ಕೊಳೆಹಾಕಿ, ಕಲ್ಲಿನ ಮೇಲೆ ಬಡಿದು ನಾರು ತೆಗೆಯುವ ತನಕ ಒಬ್ಬರು ಸಾಕು. ಹುರಿ ಹಾಕುವಾಗ ಮಾತ್ರ ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕೇ ಬೇಕು. ಆ ತುದಿ ಹಿಡಿಯುತ್ತಿದ್ದವನು ಬೈರಣ್ಣ. ಪಾಪಮ್ಮನಿಗೆ ಮಂಡಿ ನೋವು. ಕೊನೆಗೆ ದೊಡ್ಡಮುನಿಯಪ್ಪ ಬಾಗಿಲ ಕಡೆ ತಿರುಗಿ, ಯಾರಿಗೆ ಎಂದು ಹೇಳದೆ ಹೇಳಿದ, "ಯಾರಾದ್ರೂ ಬಂದು ಒಂಚೂರು ಹಿಡ್ಕೊಂಡ್ರೆ ಆಗ್ತಿತ್ತು."

ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುವ ಪದ್ಧತಿ ಇರಲಿಲ್ಲ. ಆದಿಲಕ್ಷ್ಮಿ ಸೆರಗು ಹೊದ್ದು ಬಂದು ತುದಿ ಹಿಡಿದಳು. ಎದುರು ಬದುರು ನಿಂತು ಬಲಕ್ಕೆ ತಿರುಚಬೇಕು, ಎಳೆ ಸಡಿಲ ಬಿಡಬಾರದು. ಒಬ್ಬರು ಹೆಚ್ಚು ಎಳೆದರೆ ಇನ್ನೊಬ್ಬರ ಅಂಗೈ ಕೊಯ್ಯುತ್ತದೆ. ಮೊದಲ ದಿನ ಅವರಿಬ್ಬರೂ ಹಗ್ಗವನ್ನೇ ನೋಡುತ್ತ ಕೆಲಸ ಮಾಡಿದರು. ಆಮೇಲೆ ಮಾತು ಬಂತು. ಬೈರಣ್ಣ ಚಿಕ್ಕವನಿದ್ದಾಗ ಹಲಗೆಯ ಮೇಲೆ ಕೂತು ಕೆರೆಗೆ ಇಳಿದದ್ದು, ಪಾಪಮ್ಮ ಪೊರಕೆ ಹಿಡಿದು ದಡದಲ್ಲಿ ಕಾದದ್ದು, ಎಲ್ಲ ಮಾವ ಹೇಳಿದ. ತಾಳಿ ಕಟ್ಟಿದ ಗಂಡನ ಜೊತೆ ಅವಳು ಇದ್ದದ್ದು ಎಣಿಸಿದರೆ ಮುಗಿದುಹೋಗುವಷ್ಟು ದಿನ. ಅವನು ಹೇಗಿದ್ದ ಎಂದು ಅವಳು ತಿಳಿದುಕೊಂಡದ್ದೇ ಆ ಹಗ್ಗದ ತುದಿಯಲ್ಲಿ ನಿಂತು.

ಆ ಮೊದಲ ವರ್ಷ ಒಂದು ಎಡವಟ್ಟೂ ಆಯಿತು. ದೊಡ್ಡಮುನಿಯಪ್ಪ ಹುಲ್ಲಿನ ಗಾಡಿಯ ಹೇರು ಬಿಗಿದು ಗೊತ್ತಿದ್ದವನು. ಕಂಬದ ಹಗ್ಗಗಳನ್ನೂ ಹಾಗೆಯೇ ಕಾಲು ಕೊಟ್ಟು ಎಳೆದು, ಬೆರಳಿನಿಂದ ಮೀಟಿದರೆ ದನಿ ಬರುವ ಹಾಗೆ ಬಿಗಿದ. ನೋಡಿದವರೆಲ್ಲ ಶಹಬಾಸ್ ಅಂದರು. ಜೋರು ಮಳೆ ಬಂತು. ನೆನೆದ ಕತ್ತಾಳೆ ಕುಗ್ಗಿತು, ಮೂರು ಕಡೆಯಿಂದಲೂ ಕಂಬವನ್ನು ಕೆಳಕ್ಕೆ ಜಗ್ಗಿತು. ಕಂಬದ ಬುಡ ಕೂರುವ ದಿಮ್ಮಿ ಎರಡು ಹೋಳಾಯಿತು. ಹೇರಾದರೆ ನೆನೆದಷ್ಟೂ ಬಿಗಿಯಾಗುವುದು ಒಳ್ಳೆಯದೇ, ದೋಣಿ ಹೇರಲ್ಲ. ದೊಡ್ಡಮುನಿಯಪ್ಪ ಹೋಳಾದ ದಿಮ್ಮಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. "ಬಂದು ನಗ್ತಾನೆ ನನ್ನ ನೋಡಿ," ಅಂದ. ಕಮ್ಮಾರನಿಂದ ಕಬ್ಬಿಣದ ಪಟ್ಟಿ ಹೊಡೆಸಿ ದಿಮ್ಮಿ ಕೂಡಿಸಿದರು. ಅಲ್ಲಿಂದ ಮುಂದೆ ಹಗ್ಗಕ್ಕೆ ಒಂದಿಷ್ಟು ಸಡಿಲ ಬಿಟ್ಟೇ ಕಟ್ಟಿದ.

ಆ ಆಷಾಢಕ್ಕೆ ಬೈರಣ್ಣ ಬರಲಿಲ್ಲ. ಆಚೆ ದೇಶದಲ್ಲಿ ಸೆರೆಯಾದವರನ್ನು ಬಿಟ್ಟರು ಎಂದು ರೇಡಿಯೋದಲ್ಲಿ ಬಂತು. ಅವರೊಳಗೂ ಅವನಿರಲಿಲ್ಲ. ಹಗ್ಗ ಕೊಳೆಯಿತು, ಯುಗಾದಿ ಕಳೆದ ಮೇಲೆ ಮತ್ತೆ ಕತ್ತಾಳೆ ಕೊಯ್ದು ಕೊಳೆಹಾಕಿದರು. ಮತ್ತೆ ಆ ತುದಿಗೆ ಸೊಸೆ, ಈ ತುದಿಗೆ ಮಾವ. ಮತ್ತೆ ಆಷಾಢ ಬಂದು ಹೋಯಿತು.

ವರ್ಷ ವರ್ಷವೂ ತಪ್ಪದೆ ಬಂದವನು ಅಣ್ಣ ಸೊಣ್ಣಪ್ಪ ಒಬ್ಬನೇ. ಆಷಾಢದ ನೆಪ ಮಾಡಿಕೊಂಡು ತಂಗಿಯನ್ನು ಕರೆದುಕೊಂಡು ಹೋಗಲು ಬರುತ್ತಿದ್ದ. ಅವನು ಕೆಟ್ಟವನಲ್ಲ. ಅವರ ಜನದಲ್ಲಿ ಗಂಡ ತೀರಿಕೊಂಡ ಹೆಣ್ಣಿಗೆ ಸೀರುಡಿಕೆ ಮಾಡುವುದುಂಟು. ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆ ತುಂಬಿಸುತ್ತಾರೆ. ಬೂದಿಗೆರೆಯಲ್ಲಿ ಹೆಂಡತಿ ಸತ್ತ ಒಬ್ಬ ಒಳ್ಳೆಯ ಮನುಷ್ಯನನ್ನು ಅವನು ನೋಡಿಯೂ ಇಟ್ಟಿದ್ದ. ಆದರೆ ಅದಕ್ಕೆ ಮೊದಲು ಬೈರಣ್ಣ ಸತ್ತ ಎಂದು ಈ ಮನೆಯವರು ಒಪ್ಪಬೇಕಲ್ಲ.

"ಇನ್ನೂ ಎಷ್ಟು ವರ್ಷ ಲಕ್ಷ್ಮಿ? ನಿಂಗೇನು ವಯಸ್ಸಾಯ್ತಾ?" ಎಂದು ಸೊಣ್ಣಪ್ಪ ಕೇಳುತ್ತಿದ್ದ.

"ಮಾವ ಕತ್ತಾಳೆ ಹಗ್ಗ ಹಾಕವ್ರೆ ಅಣ್ಣ," ಎನ್ನುತ್ತಿದ್ದಳು ಅವಳು. ಇದೆಂಥಾ ಉತ್ತರ ಎಂದು ಸೊಣ್ಣಪ್ಪ ತಲೆ ಚಚ್ಚಿಕೊಂಡು ಆವತಿಗೆ ವಾಪಸು ಹೋಗುತ್ತಿದ್ದ. ಅವಳಿಗೆ ಅದಕ್ಕಿಂತ ಗಟ್ಟಿಯಾದ ಉತ್ತರ ಬೇರೆ ಇರಲಿಲ್ಲ. ಮನಸ್ಸು ಕುಸಿದ ದಿನ ಅವಳು ದಡಕ್ಕೆ ಹೋಗಿ ಆ ಹಗ್ಗ ಮುಟ್ಟಿ ಬರುತ್ತಿದ್ದಳು. ಮಗನನ್ನು ಹೆತ್ತವನಿಗೇ ನಂಬಿಕೆ ಇರುವಾಗ ತಾನು ಯಾಕೆ ಬಿಡಬೇಕು?

ಎಪ್ಪತ್ತೈದರಲ್ಲಿ ಯುಗಾದಿ ಕಳೆಯಿತು. ದೊಡ್ಡಮುನಿಯಪ್ಪ ಕತ್ತಾಳೆ ಕೊಯ್ಯಲಿಲ್ಲ.

ಮಾವನಿಗೆ ಮೈ ಸರಿ ಇಲ್ಲವೇನೋ ಎಂದುಕೊಂಡಳು ಆದಿಲಕ್ಷ್ಮಿ. ಹೊಸಕೋಟೆ ಸಂತೆಗೆ ಹೋಗಿ ಬಂದ ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ. ಮುದ್ದೆ ಮುರಿದು ಹಾಗೇ ಕೈ ತೊಳೆಯುತ್ತಿದ್ದ. ಸಂತೆಯಲ್ಲಿ ಹೋಳಿಗೆ ಹೊಡೆದು ಬಂದಿರಬೇಕು ಎಂದು ಪಾಪಮ್ಮ ಹಂಗಿಸಿದರೆ ನಗಲೂ ಇಲ್ಲ. ವಾರ ಕಾದು ಸೊಸೆಯೇ ಕೇಳಿದಳು, "ಮಾವ, ಕತ್ತಾಳೆ ಕೊಳೆಹಾಕೋ ಹೊತ್ತಾಯ್ತಲ್ಲ? ನಾನೇ ಕೊಯ್ಕೊಂಡು ಬರ್ಲಾ?"

"ಈ ಸಲ ಬೇಡ ಕಣಮ್ಮ," ಅಂದ ಅವನು, ಗೋಡೆ ನೋಡುತ್ತ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋದವನು ಸಂಜೆಗೆ ಒಂದು ಗೋಣಿಯ ಗಂಟು ಹೊತ್ತುಕೊಂಡು ಬಂದ. ಜಗಲಿಯ ಮೇಲೆ ಇಳಿಸಿದಾಗ ಅದು ಭಾರವಾಗಿ ಸದ್ದು ಮಾಡಿತು. ಆದಿಲಕ್ಷ್ಮಿ ನೀರು ತಂದುಕೊಟ್ಟು, ಗೋಣಿಯ ಬಾಯಿ ಸರಿಸಿ ನೋಡಿದಳು. ಸುರುಳಿ ಸುತ್ತಿದ ಉಕ್ಕಿನ ಹಗ್ಗ. ಎಣ್ಣೆ ಸವರಿ ಹೊಸದಾಗಿ ಹೊಳೆಯುತ್ತಿತ್ತು.

"ಇದು ಎಷ್ಟು ವರ್ಷ ಬರ್ತದೆ ಮಾವ?"

ದೊಡ್ಡಮುನಿಯಪ್ಪ ನೀರು ಕುಡಿದು ಚೊಂಬು ಕೆಳಗಿಟ್ಟ. "ಅಂಗಡಿಯವನು ಇಪ್ಪತ್ತು ವರ್ಷ ಅಂದ," ಅಂದ.

ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಇಪ್ಪತ್ತು ವರ್ಷ! ಆಷಾಢಕ್ಕೆ ಬರುವವನಿಗೆ ಇಪ್ಪತ್ತು ವರ್ಷದ ಹಗ್ಗವನ್ನು ಯಾರು ಹಾಕುತ್ತಾರೆ? ಮೊದಲು ಬಂದದ್ದು ಸಿಟ್ಟು. ಮುದುಕ ಸೋಮಾರಿಯಾದ, ಮಗನ ಹೆಸರಿಗೆ ವರ್ಷಕ್ಕೊಂದು ಸಲ ಹಗ್ಗ ಹೊಸೆಯಲೂ ಬೇಸರ ಬಂತು ಇವನಿಗೆ ಎಂದು ಮನಸ್ಸಿನಲ್ಲೇ ಬೈದಳು. ಬೈದಷ್ಟೂ ಅದು ಸುಳ್ಳೆಂದು ಅವಳಿಗೇ ಗೊತ್ತಾಗುತ್ತಿತ್ತು. ಅನ್ನ ಸೀದು ಹೋದದ್ದು ಪಾಪಮ್ಮ ಕೂಗಿದ ಮೇಲೆ ತಿಳಿಯಿತು.

ಬೆಳಿಗ್ಗೆ ಮಾವ ದಡಕ್ಕೆ ಹೋದ ಹಿಂದೆಯೇ ಅವಳೂ ಹೋದಳು. ಅವನು ಹಳೆಯ ಹಗ್ಗ ಬಿಚ್ಚಿ ಹಾಕಿ ಕಂಬದ ಒಂದು ಕಡೆಗೆ ಉಕ್ಕಿನದನ್ನು ಆಗಲೇ ಸಿಕ್ಕಿಸಿದ್ದ. ಇನ್ನೊಂದು ತುದಿಗೆ ಸ್ಪ್ಯಾನರ್ ಹಿಡಿದು ಬೋಲ್ಟು ತಿರುಗಿಸುತ್ತಿದ್ದ. ಅವಳು ರೂಢಿಯಂತೆ ಕೈ ಚಾಚಿ ಹತ್ತಿರ ಹೋದಳು. ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಸಂತೇಲಿ ಯಾರು ಸಿಕ್ಕಿದ್ರು ಮಾವ?" ಎಂದು ಕೇಳಿದಳು.

ಬೋಲ್ಟು ತಿರುಗಿಸುವುದು ನಿಂತಿತು. ದೊಡ್ಡಮುನಿಯಪ್ಪ ದೋಣಿಯ ಅಂಚಿನ ಮೇಲೆ ಕೂತ.

"ಚಿನ್ನಸ್ವಾಮಿ ಅಂತ. ಕೋಲಾರದ ಗಣಿ ಕಡೆಯ ಹುಡುಗ, ಬೈರಣ್ಣನ ಜೊತೆಗಿದ್ದವನು. ಕಾಲಿಲ್ಲ ಅವನಿಗೆ. ಆಸ್ಪತ್ರೇಲೇ ವರ್ಷಗಟ್ಟಲೆ ಇದ್ದನಂತೆ. ನಮ್ಮನ್ನ ನೋಡ್ಕೊಂಡು ಹೋಗಣ ಅಂತ ಊರು ಕೇಳ್ಕೊಂಡು ಬರ್ತಿದ್ದ, ಸಂತೇಲೇ ಸಿಕ್ದ. ನಮಗೆ ಎಲ್ಲಾ ಗೊತ್ತದೆ ಅಂದ್ಕೊಂಡಿದ್ದ ಪಾಪ."

"ಏನು ಗೊತ್ತದೆ ಅಂತ?"

"ಹೊಳೆ ದಾಟ್ತಿದ್ರಂತೆ. ಒಂದೇ ದೋಣೀಲಿ ಇದ್ರಂತೆ ಇಬ್ರೂವೆ. ಗುಂಡು ಬಿತ್ತಂತೆ ದೋಣಿಗೆ. ಇವನನ್ನ ಯಾರೋ ಎಳ್ಕೊಂಡ್ರು. ನಮ್ಮವನು..." ಮುದುಕ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಕಣ್ಣಾರೆ ನೋಡಿದೆ ಅಂದ ಕಣಮ್ಮ. ಮುಳುಗಿದವನು ಮೇಲೆ ಬರ್ಲೇ ಇಲ್ವಂತೆ."

ಆದಿಲಕ್ಷ್ಮಿ ಅಳಲಿಲ್ಲ. ಅವಳಿಗೆ ಮೊದಲು ಹೊಳೆದದ್ದು ಬೇರೆ ಮಾತು.

"ಅಂಗಡಿಯವನು ಎಷ್ಟು ವರ್ಷಕ್ಕೆ ಬೇಕು ಅಂತ ಕೇಳಿರ್ತಾನೆ ಅಲ್ವಾ ಮಾವ? ನೀವು ಜಾಸ್ತಿ ವರ್ಷಕ್ಕೆ ಅಂದಿರ್ತೀರ. ಅವರು ಇನ್ನು ಬರಲ್ಲ ಅಂತ ನನಗಿಂತ ಮೊದಲು ಅಂಗಡಿಯವನಿಗೆ ಹೇಳಿದ್ರಲ್ಲ!"

"ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಿಮ್ಮತ್ತೆಗೆ ಹೇಳೋಕೂ ಬರ್ಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂದ್ಕೊಂಡು ಏಳ್ತೀನಿ." ದೊಡ್ಡಮುನಿಯಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒತ್ತಿಕೊಂಡ. "ದೋಣಿ ಒಡೆದು ಸೌದೆ ಮಾಡಣ ಅಂದ್ಕೊಂಡೆ. ಕೊಡಲಿ ತಗೊಂಡು ಬಂದೂ ನೋಡ್ದೆ. ಆಗ್ಲಿಲ್ಲ. ಅವನು ಕೈಯಿಟ್ಟ ಮರ. ನಾನಿರೋವರ್ಗೂ ನಿಂತಿರ್ಲಿ ಅನ್ನಿಸ್ತು."

"ಅದಕ್ಕೆ ಕತ್ತಾಳೆ ಹಗ್ಗ ಆಗ್ತಿರ್ಲಿಲ್ವಾ? ನಾನು ಹಿಡ್ಕೊಳ್ತಿರ್ಲಿಲ್ವಾ?"

"ಅದಕ್ಕೇ ಕಣಮ್ಮ." ಅವನು ಮೊದಲ ಸಲ ಅವಳ ಮುಖ ನೇರವಾಗಿ ನೋಡಿದ. "ಕತ್ತಾಳೆ ಹೊಸೆಯೋಕೆ ಆ ತುದೀಗೆ ನೀನು ಬೇಕು. ವರ್ಷ ವರ್ಷ ಬೇಕು. ಹಿಂಗೇ ಹಿಡ್ಕೊಂಡು ಹಿಡ್ಕೊಂಡು ನಿನ್ನ ತಲೆ ಬೆಳ್ಳಗಾಗ್ತದೆ. ಇದಕ್ಕೆ ಯಾರೂ ಬೇಡ, ನಾನೊಬ್ಬನೇ ಸಾಕು. ಸೊಣ್ಣಪ್ಪಂಗೆ ಹೇಳಿ ಕಳ್ಸಿದ್ದೀನಿ, ನಾಳೆ ಬರ್ತಾನೆ. ಈ ಸಲ ಇಲ್ಲ ಅನ್ಬೇಡ. ಹೋಗು ಮಗಳೇ. ಬೂದಿಗೆರೆಯವನು ಒಳ್ಳೆಯವನಂತೆ, ನಾನೂ ವಿಚಾರಿಸ್ದೆ."

ಹೀಗೂ ಒಂದು ಪ್ರೀತಿ ಇರುತ್ತದೆ. ಕೈ ಹಿಡಿದು ಮನೆಯಿಂದ ಆಚೆಗೆ ಬಿಡುವ ಪ್ರೀತಿ. ಅದನ್ನು ತಡೆದುಕೊಳ್ಳುವ ಶಕ್ತಿ ಆದಿಲಕ್ಷ್ಮಿಗೆ ಇರಲಿಲ್ಲ. ಗಂಡ ಹೋದ, ಗಂಡನ ಕತೆ ಹೇಳುತ್ತಿದ್ದ ಮಾವನೂ ಹೋದ, ಇಷ್ಟು ವರ್ಷ ತನ್ನದು ಎಂದುಕೊಂಡಿದ್ದ ಮನೆಯೂ ಹೋಯಿತು. ಎಲ್ಲ ಒಂದೇ ಬೆಳಿಗ್ಗೆ. ಅವಳು ದೋಣಿಯ ಪಕ್ಕದ ಕೆಸರಿನಲ್ಲೇ ಕೂತಳು. ಟೆಲಿಗ್ರಾಂ ಬಂದ ದಿನವೂ ಹೊರಡದಿದ್ದ ದನಿ ಈಗ ಹೊರಟಿತು. ಕೆರೆಯ ನಡುವೆ ಬಲೆ ಬಿಡುತ್ತಿದ್ದ ಬೈರಪ್ಪ ಹರಿಗೋಲು ನಿಲ್ಲಿಸಿ ತಿರುಗಿ ನೋಡಿದ.

ಏರಿಯ ಮೇಲೆ ಬುತ್ತಿಯ ಬುಟ್ಟಿ ಹೊತ್ತುಕೊಂಡು, ಮಂಡಿ ನೋವಿಗೆ ಒಂದೊಂದೇ ಹೆಜ್ಜೆ ಇಡುತ್ತ ಪಾಪಮ್ಮ ಬರುತ್ತಿದ್ದಳು. ಆ ದನಿ ಕೇಳಿ ನಿಂತಳು. ಅಂಥ ದನಿ ಯಾವುದಕ್ಕೆ ಹೊರಡುತ್ತದೆ ಎಂದು ಊರಿನ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಅವಳು ಒಪ್ಪಲಿಲ್ಲ.

"ಏನಂದೆ ಅವಳಿಗೆ?" ಎಂದು ಏರಿಯ ಮೇಲಿನಿಂದ ಗಂಡನಿಗೆ ಕೂಗಿದಳು. "ಏ ಮುದುಕ, ಏನಂದೆ ಹೇಳು! ನಮ್ಮ ಮಗ ಬರ್ತಾನೆ ಅಂತ ಹೇಳು ಆ ಹುಡುಗೀಗೆ! ಬರ್ತಾನೆ ಅನ್ನೋ!"

ದೊಡ್ಡಮುನಿಯಪ್ಪ ತಲೆ ಎತ್ತಲಿಲ್ಲ. ಆ ಒಂದು ಮಾತನ್ನು ಮೂರು ವರ್ಷ ಊರಿಗೆಲ್ಲ ಹೇಳಿದವನಿಗೆ ಈಗ ಹೆಂಡತಿಗೆ ಹೇಳಲು ಆಗಲಿಲ್ಲ. ಪಾಪಮ್ಮ ಕೂಗುತ್ತಲೇ ಇದ್ದಳು. ಬುಟ್ಟಿ ತಲೆಯ ಮೇಲೆಯೇ ಇತ್ತು, ಒಂದು ಕೈ ಅದನ್ನು ಬಿಡದೆ ಹಿಡಿದಿತ್ತು.

ಕೊನೆಗೆ ಎದ್ದವಳು ಆದಿಲಕ್ಷ್ಮಿ. ಸೀರೆಗೆ ಮೆತ್ತಿದ ಕೆಸರನ್ನು ಕೊಡವಿಕೊಳ್ಳದೆ ಏರಿ ಹತ್ತಿದಳು. ಅತ್ತೆಯ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ನೆಲಕ್ಕಿಟ್ಟಳು. ಮಂಡಿ ಮಡಚಲಾರದ ಮುದುಕಿಯನ್ನು ಹಿಡಿದು ಮೆಲ್ಲಗೆ ಕೂರಿಸಿ, ತಾನೂ ಎದುರಿಗೆ ಕೂತು, ಅವಳ ಎರಡು ಕೈಯನ್ನೂ ತನ್ನ ಕೈಯೊಳಗೆ ತೆಗೆದುಕೊಂಡಳು.

"ಅವರು ಬರಲ್ಲ ಅತ್ತೆ," ಅಂದಳು.